ಸೀರೆ ಗಾರ್ಡ್ ಕಳಚಿದ ಬುಲೆಟ್

ಬುಲೆಟ್ಟಿನ ಸೀರೆ ಗಾರ್ಡ್ ಮಾಯವಾಗಿರುವುದು ಮಾಲನ್‌ಳ ಕಣ್ಣಿಗೆ ಬಿದ್ದದ್ದು ತುಳಸಿಗೆ ನೀರು ಹಾಕುವಾಗ. ಚೊಂಬು ಕೈಯಲ್ಲೇ ಉಳಿಯಿತು. ಹಿಂದಿನ ಚಕ್ರದ ಎಡಕ್ಕೆ, ಸೆರಗು ಸಿಕ್ಕದಂತೆ ಅಡ್ಡವಾಗಿದ್ದ ಕಬ್ಬಿಣದ ಜಾಳಿಗೆ ಇಲ್ಲ. ಒಂದೇ ಪಕ್ಕಕ್ಕೆ ಕೂತ ಹೆಂಗಸು ಎರಡೂ ಪಾದ ಇಡುವ ಪಟ್ಟಿಯೂ ಇಲ್ಲ. ಆ ಪಟ್ಟಿಯ ಮೇಲೆ ಕಾಲಿಟ್ಟುಕೊಂಡೇ ಆಕೆ ಹೊಸ ಮದುವಣಗಿತ್ತಿಯಾಗಿ ಕೊಲ್ಹಾಪುರದ ಈ ಓಣಿಗೆ ಬಂದದ್ದು. ಅಷ್ಟು ದೊಡ್ಡ ಗಾಡಿಯಲ್ಲಿ ಆಕೆಯದು ಅಂತ ಇದ್ದದ್ದು ಅವೆರಡೇ.

ಗಂಡ ಬಾಪೂಸೋ ಒಳಗೆ ಪಾಯಜಾಮದ ಲಾಡಿ ಕಟ್ಟಿಕೊಳ್ಳುತ್ತಿದ್ದ.

"ನನ್ನ ಜಾಳಗಿ ಎಲ್ಲಿ ಹೋತರೀ?"

"ತುಕ್ಕು ಹಿಡದಿತ್ತು, ತಗಸಿದೆ."

"ತುಕ್ಕು ಇಡೀ ಗಾಡಿಗೆ ಹಿಡದೈತಿ, ನಿಮಗೂ ಹಿಡದೈತಿ. ನನ್ನ ಕಾಲಿಡೂ ಜಾಗದ ಮ್ಯಾಲಷ್ಟ ಯಾಕ ಕಣ್ಣು ಬಿತ್ತು?"

"ಭಾಕರಿ ಹಾಕ, ಪೇಟಿಗೆ ಹೊತ್ತಾತು."

ಬಾಪೂಸೋ ಬೆಲ್ಲದ ಪೇಟೆಯಲ್ಲಿ ತೂಕದವನು. ದಿನವಿಡೀ ತಕ್ಕಡಿಯ ಮುಂದೆ ನಿಂತು ಕೂಗಿ ಕೂಗಿ, ಮನೆಗೆ ತರಲು ಮಾತೇ ಉಳಿಸಿಕೊಳ್ಳುತ್ತಿರಲಿಲ್ಲ. ಮಾಲನ್ ಹಾಗಲ್ಲ. ಮೆಣಸಿನಕಾಯಿ ಕುಟ್ಟುವ ಗಿರಣಿಗೆ ಕೊಟ್ಟರೆ, ತನ್ನ ಕಾಯಿ ತೆಗೆದು ಬೇರೆಯವರದ್ದು ಹಾಕಿಯಾರು ಅಂತ ಮೂಗಿಗೆ ಸೆರಗು ಕಟ್ಟಿಕೊಂಡು ಸೀನುತ್ತಾ ಅಲ್ಲೇ ನಿಲ್ಲುವವಳು. ಎಮ್ಮೆಯನ್ನು ತನ್ನ ಕಣ್ಣೆದುರೇ ನಿಲ್ಲಿಸಿ ಹಾಲು ಕರೆಸಿದರೂ ಪಾತ್ರೆಯ ತಳದಲ್ಲಿ ನೀರಿತ್ತೇ ಅಂತ ಬಗ್ಗಿ ನೋಡುವವಳು. ಮೋಸ ಹೋಗಲಿಲ್ಲ ನಿಜ, ಆದರೆ ನೆಮ್ಮದಿಯಾಗಿ ಒಂದು ಲೋಟ ಹಾಲು ಕುಡಿದದ್ದೂ ಇಲ್ಲ.

ಇಂಥವಳ ಮುಂದೆ ಗಾಡಿ ತಿಂಗಳುಗಟ್ಟಲೆ ಕರಗುತ್ತಾ ಬಂದಿತ್ತು. ಮೊದಲು ಮುಂದಿನ ಲೆಗ್ ಗಾರ್ಡ್ ಹೋಯಿತು. ವೆಲ್ಡಿಂಗಿಗೆ ಕೊಟ್ಟಿದ್ದೇನೆ ಅಂದ, ತಿರುಗಿ ಬರಲಿಲ್ಲ. ಆಮೇಲೆ ಪಕ್ಕದ ಡಬ್ಬಿ, ಹಿಂದಿನ ಕ್ಯಾರಿಯರ್. ಉದ್ದನೆಯ ಸೈಲೆನ್ಸರ್ ಇದ್ದಲ್ಲಿ ಮೊಳದುದ್ದದ್ದು ಬಂತು, ಗಂಭೀರವಾಗಿ ಗುಡುಗುತ್ತಿದ್ದ ಗಾಡಿ ಕಾಲೇಜು ಹುಡುಗರ ಗಾಡಿಯ ಹಾಗೆ ಅರಚತೊಡಗಿತು. ಕಬ್ಬಿಣದ ಮಡ್‌ಗಾರ್ಡ್ ಹೋಗಿ ಫೈಬರಿನದು ಬಂತು. ತಲೆ ನರೆತ ಗಂಡಸು ಗಾಡಿಯನ್ನು ಇಷ್ಟು ಹಗುರ ಮಾಡಿಸುವುದು ಯಾರಿಗಾಗಿ? ಪ್ಯಾಂಟು ತೊಟ್ಟು ಎರಡೂ ಕಡೆ ಕಾಲು ಹಾಕಿ ಕೂರುವವಳಿಗೆ ಮಾತ್ರ ಸೀರೆ ಗಾರ್ಡ್ ಬೇಕಾಗುವುದಿಲ್ಲ. ಮಾಲನ್‌ಗೆ ಲೆಕ್ಕ ಸರಿಯಾಗಿ ಕೂತಿತು.

ಭಾನುವಾರ ಜೋತಿಬಾನ ಗುಡ್ಡಕ್ಕೆ ಇಬ್ಬರೂ ಹೋಗುವುದೂ ನಿಂತಿತ್ತು. ಒಂದು ವಾರ ಇಂಜಿನ್ ಬಿಸಿ, ಒಂದು ವಾರ ಮಳೆ. ಕಳೆದ ಭಾನುವಾರ ಅವನು, "ನೀ ಬಸ್ಸಿಗೆ ಹೋಗಿ ಬಾ" ಅಂದಿದ್ದ. ಆವತ್ತು ಆಕೆ ಊಟ ಮಾಡಿರಲಿಲ್ಲ.

ಶನಿವಾರ ಮಧ್ಯಾಹ್ನ ಪಕ್ಕದ ಮನೆಯ ಹೌಸಾಕ್ಕ ಒಳ್ಳೆಯ ಸುದ್ದಿ ತಂದವಳ ಹಾಗೆ ಮುಖ ಅರಳಿಸಿಕೊಂಡು ಬಂದಳು.

"ಹೇಳಬಾರದು ಅಂತಿದ್ದೆ ತಂಗಿ. ರಂಕಾಳಾ ಕೆರಿ ಹಿಂದಿನ ರಸ್ತಾದಾಗ ನಿನ್ನ ಗಂಡನ್ನ ನೋಡಿದೆ. ಹಿಂದ ಒಬ್ಬಾಕಿ ಕುಂತಿದ್ಲು."

"ಪ್ಯಾಂಟಿನಾಕಿ?"

"ಪ್ಯಾಂಟು ಎಲ್ಲೀದು! ಹಸರ ಸೀರಿ. ತಲಿ ತುಂಬ ಸೆರಗು, ಮುಖ ಕಾಣವಲ್ದು. ಗಿಡ್ಡಿ. ನಿನ್ನ ಗಂಡನ ಬೆನ್ನಿಗೆ ಹತ್ತಿ ಕುಂತಿದ್ಲು ನೋಡು, ಗುಂಡಿ ಹಾರಿದ್ರೂ ಅಳ್ಳಾಡಲಿಲ್ಲ."

ಮಾಲನ್‌ಳ ಲೆಕ್ಕ ತಪ್ಪಿತು, ಸಂಶಯ ಮಾತ್ರ ಒಂದು ಕೂದಲೆಳೆಯಷ್ಟೂ ಕದಲಲಿಲ್ಲ. ಹೌಸಾಕ್ಕ ಹೋದ ಮೇಲೆ ಟ್ರಂಕು ತೆಗೆದಳು. ತವರಿನವರು ಕೊಟ್ಟ ಹಸಿರು ಇಳಕಲ್ ಸೀರೆ ಇರಲಿಲ್ಲ. ಗಾಡಿಯ ಜಾಗವೂ ಹೋಯಿತು, ಸೀರೆಯೂ ಹೋಯಿತು. ಇನ್ನು ಉಳಿದದ್ದು ಈ ಮನೆ, ಅದೂ ಎಷ್ಟು ದಿನವೋ ಅನ್ನಿಸಿ ಆಕೆ ಟ್ರಂಕಿನ ಮುಂದೆಯೇ ಕುಸಿದಳು.

ಮರುದಿನ ಬಾಪೂಸೋ ಗಾಡಿ ಹತ್ತುತ್ತಲೇ ಆಕೆ ರಿಕ್ಷಾ ಹತ್ತಿದಳು. ಗಾಡಿ ಉದ್ಯಮನಗರದ ಬಾಬಾಲಾಲನ ಗ್ಯಾರೇಜಿನೊಳಗೆ ಹೋಯಿತು. ಬಾಬಾಲಾಲ್ ಮೊದಲಿನಿಂದಲೂ ಆ ಬುಲೆಟ್ಟಿನ ಮೇಸ್ತ್ರಿ. ಮಾಲನ್‌ಗೆ ಅವನ ಮೇಲೂ ಮೊದಲಿನಿಂದಲೂ ನಂಬಿಕೆಯಿಲ್ಲ. ಆಕೆ ಎದುರಿನ ಮಿಸಳ್ ತಿಂಡಿಯ ಅಂಗಡಿಯ ಮರೆಗೆ ನಿಂತಳು. ಸ್ವಲ್ಪ ಹೊತ್ತಿಗೆ ಗಾಡಿ ಹೊರಬಂತು. ಹಿಂದೆ ಹಸಿರು ಸೀರೆ, ತಲೆ ತುಂಬ ಸೆರಗು. ರಸ್ತೆಯ ತುದಿವರೆಗೆ ಹೋಗಿ ತಿರುಗಿ ಬಂದು ನಿಂತಾಗ ಗಾಡಿ ಎಡಕ್ಕೆ ವಾಲಿತು, ಬಾಬಾಲಾಲ್ ಓಡಿಬಂದು ಹ್ಯಾಂಡಲ್ ಹಿಡಿದ. ಮಾಲನ್ ಅದೊಂದನ್ನೂ ನೋಡಲಿಲ್ಲ. ಆಕೆಗೆ ಕಂಡದ್ದು ತನ್ನ ಸೀರೆ.

"ಏ ಬಿನ್ನಾಣಗಿತ್ತಿ, ಇಳಿ ಕೆಳಗ! ನನ್ನ ಸೀರಿ ಉಟಗೊಂಡು ನನ್ನ ಗಂಡನ ಗಾಡಿ ಮ್ಯಾಲ ಮೆರೀತಿ?"

ಸೆರಗು ಹಿಡಿದು ಜಗ್ಗಿದಳು. ಒಳಗೆ ಸೀಟಿಗೆ ಬಿಗಿದಿದ್ದ ಹಗ್ಗ ಬಿಚ್ಚಿತು. ಸೀರೆಯೊಳಗಿಂದ ಬೆಲ್ಲದ ಪೆಂಟೆಯೊಂದು ದಡಕ್ಕನೆ ಬಿದ್ದು, ಉರುಳಿ ಚರಂಡಿಯ ಅಂಚಿಗೆ ನಿಂತಿತು. ಅದರ ಹಿಂದೆ ಇನ್ನೊಂದು. ನೊಣಗಳು ಎದ್ದವು. ಮಿಸಳ್ ಅಂಗಡಿಯಲ್ಲಿ ಕೂತವರೆಲ್ಲ ಹೊರಗೆ ಬಂದರು.

"ವೈನೀ, ಹಿಂದ ಸರೀರಿ, ಕಾಲ ಮ್ಯಾಲ ಬಿದ್ದೀತು!" ಬಾಬಾಲಾಲ್ ಕೂಗಿದ.

ಮಾಲನ್ ಬೆಲ್ಲವನ್ನೂ ಗಂಡನನ್ನೂ ನೋಡಿದಳು.

"ಏನಿದು?"

"ನೀ" ಅಂದ ಬಾಪೂಸೋ, ನೆಲ ನೋಡುತ್ತಾ. "ಅಂದ್ರ, ನಿನ್ನಷ್ಟು ತೂಕ."

"ನನ್ನ ಯಾವಾಗ ತೂಗಿದ್ರಿ?"

"ತೂಗೂದ್ಯಾಕ ಬೇಕು? ಜನ್ಮಾನೆಲ್ಲಾ ತಕ್ಕಡಿ ಹಿಡದಂವ ನಾ."

ಸೀಟಿನ ಮೇಲೆ ಇನ್ನೂ ಉಳಿದಿದ್ದ ಪೆಂಟೆಗಳನ್ನು ಮಾಲನ್ ಕಣ್ಣಲ್ಲೇ ಎಣಿಸಿದಳು. ಇಷ್ಟೊಂದಾ ಅನ್ನಿಸಿ ಸಿಟ್ಟು ಬಂತು. ಆದರೆ ಗಂಡ ಮಾತಾಡತೊಡಗಿದ್ದ. ಅವನು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ಆಕೆ ಕೇಳಿರಲಿಲ್ಲ.

"ಶ್ರಾವಣದಾಗ ಗುಡ್ಡದ ತಿರುವಿನ್ಯಾಗ ಬಸ್ ಬಂತು ಅಂತ ನಿಂತ್ವಿ, ನೆನಪೈತಿ? ಆವತ್ತು ಎಡಗಾಲು ಕೈ ಕೊಡ್ತು. ಕ್ಲಚ್ ಅಂತ ಸುಳ್ಳು ಹೇಳಿದೆ. ಕಲ್ಲಿನ ಕಟ್ಟಿ ಇಲ್ಲದಿದ್ರ ಇಬ್ಬರೂ ಕೆಳಗ. ಡಾಕ್ಟರ್ ಕಡೆ ಹೋಗಿದ್ದೆ, ಈ ಕಾಲಿಗೆ ಮೊದಲಿನ ಶಕ್ತಿ ಬರೂದಿಲ್ಲ ಅಂದ. ಗಾಡಿ ಹಗುರಾದ್ರ ನಿನ್ನ ಹೊರಬಹುದು ಅಂತ ಒಂದೊಂದ ತಗಸಿದೆ. ಕಾಲು ತಡೀತೈತೇನು ಅಂತ ನಿನ್ನಷ್ಟು ಬೆಲ್ಲ ಹೇರಿ ನೋಡಿದೆ, ಸಾಲಲಿಲ್ಲ. ಕಡೀಕ ನಿನ್ನ ಜಾಳಗೀನ ಉಳದಿತ್ತು. ಅದಿಲ್ಲದಿದ್ರ ಸೆರಗು ಸಿಗತೈತೇನು ಅಂತ ನೋಡಾಕ ಸೀರಿ ಸುತ್ತಿದೆ."

"ಸಿಕ್ತೇನು?"

ಅವನು ಸೀರೆಯ ಅಂಚು ಎತ್ತಿ ತೋರಿಸಿದ. ಗ್ರೀಸು ಮೆತ್ತಿ, ಚಿಂದಿಯಾಗಿತ್ತು.

"ನಿನ್ನ ಕೆಡವತೀನಿ ಅಂತ ಹೆದರಿಕಿ ನನಗ. ಅದಕ್ಕ ಬಸ್ಸಿಗೆ ಹೋಗು ಅಂದೆ."

ಇನ್ನೊಬ್ಬಳಿದ್ದಿದ್ದರೆ ಜುಟ್ಟು ಹಿಡಿದು ಬಡಿಯಲು ಮಾಲನ್ ತಯಾರಾಗಿ ಬಂದಿದ್ದಳು. ಈ ಕಾಲಿನ ಜೊತೆ ಏನಂತ ಜಗಳ ಆಡುವುದು? ಆಕೆ ನಡುರಸ್ತೆಯಲ್ಲಿ ಬಾಯಿಬಿಟ್ಟು ಅತ್ತಳು. ಅಳು ನಿಂತದ್ದೇ ಬಾಬಾಲಾಲನ ಕಡೆ ತಿರುಗಿದಳು.

"ತಗದ ಕಬ್ಬಿಣ ಎಲ್ಲೈತಿ? ಗುಜರಿಗೆ ಹಾಕಿ ತಿಂದ್ಯೇನು?"

"ಅಲ್ಲಿ ಮೂಲ್ಯಾಗ ಐತ್ರಿ, ನೋಡಕೊಳ್ರಿ." ಅವನು ನಕ್ಕ. "ನಾ ಮೊದಲಿಂದ ಹೇಳಾಕತ್ತೀನಿ ವೈನಿ, ತೂಕ ಇಳಿಸಿದ್ರ ಅರ್ಧ ಕೆಲಸ. ನೀವು ಒಂದ ಪಕ್ಕಕ್ಕ ಕುಂದರತೀರಿ, ಭಾರ ಪೂರಾ ಎಡಕ್ಕ ಎಳೀತೈತಿ, ಅವರ ಸೋತ ಕಾಲಿನ ಕಡೇನ. ಎರಡೂ ಕಡೆ ಕಾಲು ಹಾಕಿ ಕುಂತ್ರ ಗಾಡಿ ನೆಟ್ಟಗ ನಿಲ್ಲತೈತಿ. ನಿಮಗ ಅದನ್ನ ಹೇಳಾಕ ಇವರಿಗೆ ಧೈರ್ಯ ಇಲ್ಲ."

ಮಾಲನ್ ಮೂಲೆಗೆ ಹೋಗಿ ಕಬ್ಬಿಣವೆಲ್ಲ ಇದೆಯೇ ಅಂತ ನೋಡಿಯೇ ಮನೆಗೆ ಹೊರಟಳು.

ಮುಂದಿನ ಭಾನುವಾರ ನಸುಕಿಗೆ ಆಕೆ ಹೌಸಾಕ್ಕನ ಬಾಗಿಲು ತಟ್ಟಿದಳು. "ಒಂಬತ್ತು ಗಜದ ಸೀರಿ ಕೊಡು. ಕಚ್ಚಿ ಹಾಕೂದು ನನಗ ಬರೂದಿಲ್ಲ, ನೀನ ಉಡಸು. ಸುದ್ದಿ ಹಬ್ಬಿಸಿದ್ದಕ್ಕ ಇದು ದಂಡ." ಹೌಸಾಕ್ಕ ಬಾಯಿ ಮುಚ್ಚಿಕೊಂಡು ಉಡಿಸಿದಳು. ಮಾಲನ್ ಎತ್ತರದ ಆಳು. ಕಚ್ಚೆ ಬಿಗಿದು, ಓಣಿಯೆಲ್ಲ ನೋಡುತ್ತಿರುವಾಗ ಕಾಲೆತ್ತಿ ಬುಲೆಟ್ಟಿನ ಹಿಂದೆ ಕೂತಳು. ಯಾರೋ ಸಿಳ್ಳೆ ಹಾಕಿದರು. ಬಾಪೂಸೋನ ಕಿವಿ ಕೆಂಪಾದವು.

ಗುಡ್ಡದ ತಿರುವಿನಲ್ಲಿ ಎದುರಿಗೆ ಜೀಪು ಬಂತು. ಬಾಪೂಸೋ ನಿಲ್ಲಿಸಿದ. ಎಡಗಾಲು ನೆಲಕ್ಕೆ ಹತ್ತಿದ್ದೇ ನಡುಗತೊಡಗಿತು. ಆ ನಡುಕ ಮಾಲನ್‌ಳ ಮೊಣಕಾಲಿಗೆ ತಾಗಿತು. ಆಕೆ ಎರಡೂ ಕಡೆ ಪಾದ ಇಳಿಸಿ, ಬೆರಳೂರಿ ನಿಂತಳು.

"ನಾ ಹಿಡದೀನಿ. ನಿಮ್ಮ ಕಾಲು ಎತ್ತರಿ."

"ಆಗತೈತೇನು ನಿನ್ನ ಕೈಲೆ?"

"ಎತ್ತರಿ ಅಂದ್ರ."

ಬಾಪೂಸೋ ಹಿಂದೆ ತಿರುಗಿ ಆಕೆಯ ಮುಖ ನೋಡಿದ, ಆಕೆಯ ಪಾದ ನೋಡಿದ. ಸುತರಾಂ ನಂಬಿಕೆಯಿಲ್ಲದೆಯೇ ಕಾಲೆತ್ತಿದ. ಗಾಡಿ ಬೀಳಲಿಲ್ಲ.