ಬಳೆ ಬಿಚ್ಚಿಡುವ ಮೊಳೆ

ನಿನಗೆ ಕೈ ತೊಳೆಯಲು ಬರುವುದಿಲ್ಲ ಎಂದು ಆಗ ಯಾರಾದರೂ ಹೇಳಿದ್ದರೆ ಅವರಿಗೆ ಸರಿಯಾಗಿ ಮಂಗಳಾರತಿ ಎತ್ತುತ್ತಿದ್ದೆ. ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಗಿತ್ತು. ಈಗ ಶಿವಾಜಿನಗರ ಎನ್ನುವ ಕಡೆ, ಮಾರ್ಕೆಟ್ಟಿನ ಹಿಂದೆ, ಹನ್ನೆರಡು ಮಂಚದ ಸಣ್ಣ ಆಸ್ಪತ್ರೆ ಅದು. ಹಲಸೂರಿನ ನಮ್ಮ ಓಣಿಯಿಂದ ದಿನಾ ನಡೆದು ಹೋಗುತ್ತಿದ್ದೆ. ಆಯಾಗಳು ಐದು ಜನ, ಎಲ್ಲರಿಗಿಂತ ಹಳಬಳು ನಾನು. ನಾನು ಹೂಂ ಅಂದರೆ ಕೆಲಸ ನಡೆಯುತ್ತಿತ್ತು. ಉಹೂಂ ಅಂದರೆ ಡಾಕ್ಟರು ಹೇಳಿದರೂ ನಡೆಯುತ್ತಿರಲಿಲ್ಲ.

ಎರಡನೇ ಮಹಾಯುದ್ಧದ ವರ್ಷಗಳು ಅವು. ಹೆತ್ತವರಿಗೆ ಮೂರನೇ ದಿನವೋ ನಾಲ್ಕನೇ ದಿನವೋ ಜ್ವರ ಏರುತ್ತಿತ್ತು. ಕೆಲವರು ಉಳಿಯುತ್ತಿದ್ದರು, ಕೆಲವರು ಇಲ್ಲ. ಬಾಣಂತಿ ಸನ್ನಿ ಎನ್ನುತ್ತಿದ್ದೆವು, ಗಾಳಿ ತಾಗಿತು ಎನ್ನುತ್ತಿದ್ದೆವು. ಹಣೆಬರಹ ಎಂದು ಮಂಚದ ಬಟ್ಟೆ ಬದಲಾಯಿಸುತ್ತಿದ್ದೆವು.

ಆಗ ಹೊಸ ಹೆಡ್ ನರ್ಸ್ ಬಂದರು. ಮೈಸೂರಿನ ಕಡೆಯವರು, ಗಂಡ ಸತ್ತವರು, ಇನ್ನೂ ಚಿಕ್ಕ ವಯಸ್ಸು. ಬಂದ ವಾರದಲ್ಲೇ ನಮ್ಮನ್ನು ನಲ್ಲಿಯ ಮುಂದೆ ನಿಲ್ಲಿಸಿದರು.

"ನಾಳೆಯಿಂದ ಬಳೆ ಬಿಚ್ಚಿಟ್ಟು, ಮೊಣಕೈ ತನಕ ಸೋಪು ಹಾಕಿ ತೊಳ್ಕೊಂಡು ಆಮೇಲೆ ಒಳಗೆ ಬರಬೇಕು."

ನಲ್ಲಿಯ ಪಕ್ಕದ ಗೋಡೆಗೆ ಹಲಗೆ ಹಾಕಿಸಿ ಐದು ಮೊಳೆ ಹೊಡೆಸಿದ್ದರು. ಒಬ್ಬೊಬ್ಬರ ಬಳೆಗೆ ಒಂದೊಂದು.

ನಾವು ಐವರೂ ಗಂಡ ಇರುವವರು. ಬಳೆಗಾರ ಕೂಡ ಹಳೆ ಬಳೆಗಳನ್ನೆಲ್ಲ ಒಟ್ಟಿಗೆ ತೆಗೆಯುವುದಿಲ್ಲ. ಒಂದನ್ನು ಕೈಯಲ್ಲೇ ಉಳಿಸಿ, ಹೊಸದು ಏರಿದ ಮೇಲೆ ಅದನ್ನು ತೆಗೆಯುತ್ತಾನೆ. ಕೈ ಬರಿದಾಗುವುದು ಒಂದೇ ದಿನ. ಅದು ಯಾವ ದಿನ ಎಂದು ಎಲ್ಲ ಹೆಂಗಸರಿಗೂ ಗೊತ್ತು.

"ಆಗಲ್ಲ ನರ್ಸಮ್ಮ" ಎಂದೆ.

"ಯಾಕಾಗಲ್ಲ?"

"ನಿಮಗೆ ಹೇಳೋಕೆ ಸುಲಭ. ಕಳ್ಕೊಳ್ಳೋಕೆ ನಿಮಗೇನಿದೆ?"

ಹಿಂದೆ ನಿಂತವಳೊಬ್ಬಳು ಕಿಸಕ್ಕನೆ ನಕ್ಕಳು. ನರ್ಸಮ್ಮನ ಮುಖದಲ್ಲಿ ಏನೂ ಕಾಣಲಿಲ್ಲ. "ನನಗೇನಿಲ್ಲ. ಒಳಗೆ ಮಲಗಿರೋರಿಗಿದೆ. ನಾಳೆಯಿಂದ" ಎಂದು ಹೋದರು.

ಕೆಲಸ ಬಿಡುವ ಹಾಗಿರಲಿಲ್ಲ. ಅದಕ್ಕೆ ನಾನೇ ಉಪಾಯ ಹುಡುಕಿದೆ. ಬಳೆಗಳನ್ನು ಮೊಣಕೈ ಹತ್ತಿರಕ್ಕೆ ಬಿಗಿಯಾಗಿ ಏರಿಸುವುದು, ಅರಿಶಿನದಲ್ಲಿ ಅದ್ದಿದ ಬಟ್ಟೆಪಟ್ಟಿ ಸುತ್ತುವುದು, ಮೇಲೆ ರವಿಕೆಯ ತೋಳು ಎಳೆದುಕೊಳ್ಳುವುದು. ಅರಿಶಿನ ಇದ್ದಲ್ಲಿ ರೋಗ ನಿಲ್ಲುವುದಿಲ್ಲ ಎಂದು ಉಳಿದ ನಾಲ್ವರಿಗೂ ನಾನೇ ಕಟ್ಟಿಕೊಟ್ಟೆ. ಮೊಳೆಗೆ ಹಾಕಲು ಮನೆಯಿಂದ ಬೇರೆ ಹಳೆ ಬಳೆ ತಂದೆವು. ನರ್ಸಮ್ಮ ಹಲಗೆ ನೋಡಿ ತಲೆಯಾಡಿಸಿದರು.

"ಅಷ್ಟು ಓದಿದಾರೆ, ಮೊಳೆ ನೋಡಿ ನಂಬ್ತಾರೆ ನೋಡ್ರೇ" ಎಂದೆ ನಾನು. ಎಲ್ಲರೂ ನಕ್ಕೆವು.

ಆ ಪಟ್ಟಿಯನ್ನು ಒಗೆಯುತ್ತಿರಲಿಲ್ಲ. ಒಗೆದರೆ ಅರಿಶಿನ ಹೋಗುತ್ತದಲ್ಲ.

ಕೆಲವು ತಿಂಗಳ ಮೇಲೆ ನಮ್ಮ ಓಣಿಯ ಹೂವಿನವಳ ಸೊಸೆಗೆ ದಿನ ತುಂಬಿತು. ಹೂವಿನವಳಿಗೆ ಆಸ್ಪತ್ರೆ ಎಂದರೆ ಭಯ, ಮನೆಯಲ್ಲೇ ಆಗಲಿ ಎಂದಳು. "ನಾನಿರ್ತೀನಲ್ಲ ಅಕ್ಕ, ಕಳಿಸು" ಎಂದು ಒಪ್ಪಿಸಿದವಳು ನಾನು. ಹೆಣ್ಣು ಮಗು ಹುಟ್ಟಿತು, ಸುಲಭದ ಹೆರಿಗೆ. ಹೆರಿಗೆಯಲ್ಲೂ ಆಮೇಲೂ ಅವಳ ಮೈ ಮುಟ್ಟಿ ಎಲ್ಲ ಕೆಲಸ ಮಾಡಿದ್ದು ನಾನೇ. ನಾಲ್ಕನೇ ದಿನ ಬೆಳಿಗ್ಗೆ ಹುಡುಗಿ ನಡುಗಲು ಶುರುಮಾಡಿದಳು. ಹಲ್ಲು ಕಟಕಟ ಎನ್ನುತ್ತಿತ್ತು. ಹಿಡಿದುಕೊಂಡೆ. ಅವಳೂ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದು ಎಳೆದಳು. ಪಟ್ಟಿ ಬಿಚ್ಚಿಕೊಂಡಿತು, ಬಳೆಗಳೆಲ್ಲ ಝಲ್ಲೆಂದು ಮಣಿಕಟ್ಟಿಗೆ ಇಳಿದವು. ಮಂಚದ ಆ ಕಡೆ ನರ್ಸಮ್ಮ ನಿಂತಿದ್ದರು.

ನನ್ನನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋದರು. ಒದ್ದೆ ಹತ್ತಿಯಿಂದ ಬಳೆಯ ಅಡಿಯಲ್ಲಿ ಒರೆಸಿದರು. ಹತ್ತಿ ಕಪ್ಪಾಯಿತು. ಪಟ್ಟಿಯನ್ನು ನನ್ನ ಮೂಗಿನ ಮುಂದೆ ಹಿಡಿದರು.

"ಮೂಸು."

ಮೂಸಿದೆ. ಆ ಹುಡುಗಿಯ ಮಂಚದ ಹತ್ತಿರ ಬರುತ್ತಿದ್ದ ವಾಸನೆಯೇ.

"ಎಷ್ಟು ಜನ ಕಟ್ಕೊಂಡಿದೀರಿ?"

"ಐದೂ ಜನ."

"ಹೇಳ್ಕೊಟ್ಟಿದ್ದು ಯಾರು?"

"ನಾನೇ."

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ಹಾಗಾದ್ರೆ ಬಿಚ್ಚಿಸೋದೂ ನೀನೇ" ಎಂದರು. "ನಾನು ಹೇಳಿದ್ರೆ ಮೊಳೆಗೆ ಏನೋ ಒಂದು ಹಾಕ್ತಾರೆ. ನೀನು ಹೇಳಿದ್ರೆ ಬಿಚ್ತಾರೆ."

ಆರನೇ ದಿನ ಮಧ್ಯಾಹ್ನ ಹುಡುಗಿ ಸತ್ತಳು. ಹೂವಿನವಳು ಮಗುವನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ಹೋದಳು. ಹೋಗುವಾಗ ನನ್ನ ಗಲ್ಲ ಮುಟ್ಟಿ, "ನೀನು ಇದ್ದಿದ್ದಕ್ಕೆ ಆರು ದಿನ ಆದ್ರೂ ಇದ್ಲು" ಎಂದಳು.

ಅವತ್ತೇ ನಾಲ್ವರನ್ನೂ ನಲ್ಲಿಗೆ ಕರೆದೆ. ಅವರ ಎದುರಿಗೆ ಕೈಗೆ ಸೋಪು ಸವರಿ ಒಂದೊಂದೇ ಬಳೆ ಜಾರಿಸಿ ಮೊಳೆಗೆ ಹಾಕಿದೆ. ಇಬ್ಬರು ಬಿಚ್ಚಿದರು. ಒಬ್ಬಳು ಅತ್ತು ಬಿಚ್ಚಿದಳು. ಇನ್ನೊಬ್ಬಳು, "ನಿನಗೆ ಹುಚ್ಚು ಹಿಡಿದಿದೆ ಅಕ್ಕ" ಎಂದು ಹೋದವಳು ಮತ್ತೆ ಬರಲಿಲ್ಲ. ಪಟ್ಟಿಗಳನ್ನು ನೀರೊಲೆಗೆ ಹಾಕಿದೆ.

ಜ್ವರ ಕಡಿಮೆಯಾಯಿತು. ನಿಂತೇಹೋಯಿತು ಎಂದು ಸುಳ್ಳು ಹೇಳುವುದಿಲ್ಲ. ಆಗಲೇ ಯಾವುದೋ ಹೊಸ ಮಾತ್ರೆಯೂ ಬಂದಿತ್ತು. ಯಾವುದರಿಂದ ಎಷ್ಟು ಎಂದು ಹೇಳುವಷ್ಟು ನಾನು ಓದಿಲ್ಲ. ಹೂವಿನವಳು ಮಾತ್ರ ದಿನಾ ಬೆಳಿಗ್ಗೆ ಬಾಗಿಲಿಗೆ ಬಂದು ಒಂದು ತುಂಡು ಕಟ್ಟಿದ ಹೂ ಕೊಟ್ಟು ಹೋಗುತ್ತಿದ್ದಳು. ಬೇಡ ಎಂದರೂ ಕೇಳುತ್ತಿರಲಿಲ್ಲ. ತೆಗೆದುಕೊಂಡು ಮುಡಿಯುತ್ತಿದ್ದೆ.

ಎರಡು ವರ್ಷದ ಮೇಲೆ ನನ್ನ ಗಂಡ ಕೆಮ್ಮಿ ಕೆಮ್ಮಿ ತೀರಿಕೊಂಡರು. ಮಿಲಿಟರಿಯವರಿಗೆ ಗುಡಾರ ಹೊಲಿಯುತ್ತಿದ್ದರು, ಕ್ಷಯ ಹಿಡಿದಿತ್ತು. ನನ್ನ ಬಳೆ ಒಡೆಯುವ ದಿನ ಅತ್ತೆ ಬಂದವರಿಗೆಲ್ಲ ಕೇಳುವ ಹಾಗೆ, "ದಿನಾ ಬಿಚ್ಚಿ ಅಭ್ಯಾಸ ಇದೆಯಲ್ಲ, ಅವಳಿಗೇನು ಕಷ್ಟ" ಎಂದರು. ತಿಂಗಳು ಕಳೆದು ಕೆಲಸಕ್ಕೆ ಹೋದಾಗ ನನ್ನ ಮೊಳೆ ಖಾಲಿ ಇತ್ತು. ನರ್ಸಮ್ಮನಿಗೆ ಅಷ್ಟರಲ್ಲಿ ಬೇರೆ ಊರಿಗೆ ವರ್ಗವಾಗಿತ್ತು.

ಆಮೇಲೆ ಹೊಸ ಆಯಾ ಒಬ್ಬಳು ಬಂದಳು, ನನ್ನ ಮೊಳೆಯನ್ನು ಅವಳಿಗೆ ತೋರಿಸಿದೆ. ನಮ್ಮ ಓಣಿಯವಳೇ, ಮದುವೆಯಾಗಿ ವರ್ಷವಾಗಿರಲಿಲ್ಲ. ಬಳೆ ಬಿಚ್ಚು ಎಂದೆ. ನನ್ನ ಕೈ ನೋಡಿದಳು.

"ನಿಮಗೇನಕ್ಕ, ಕಳ್ಕೊಳ್ಳೋಕೆ ಏನಿದೆ?"

ಬೈದರೆ ಅವಳು ನನ್ನ ಹಾಗೇ ಏನಾದರೂ ಉಪಾಯ ಹುಡುಕುತ್ತಾಳೆ ಎಂದು ಗೊತ್ತಿತ್ತು. ನಲ್ಲಿಯ ಹತ್ತಿರದ ಕಲ್ಲಿನ ಮೇಲೆ ಕೂರಿಸಿ ಪಟ್ಟಿಯ ವಿಷಯ, ಹೂವಿನವಳ ಸೊಸೆಯ ವಿಷಯ ಎಲ್ಲ ಹೇಳಿದೆ. ಅದುವರೆಗೂ ಯಾರಿಗೂ ಹೇಳಿರಲಿಲ್ಲ. ಅವಳು ನನ್ನಿಂದ ಸ್ವಲ್ಪ ಸರಿದು ಕೂತು ಕೇಳಿದಳು. ಕೇಳಿ ಮುಗಿಸಿ ಸೋಪು ತೆಗೆದುಕೊಂಡು ಬಳೆ ಜಾರಿಸಿದಳು.

ಓಣಿಯ ಹುಡುಗಿ, ಬಾಯಿ ಕಟ್ಟಿಕೊಂಡು ಇರುತ್ತಾಳೆ ಎಂದು ನಾನೇನೂ ಅಂದುಕೊಂಡಿರಲಿಲ್ಲ. ನಾನು ಮುಡಿಯುವುದು ನಿಂತ ಮೇಲೂ ಹೂವಿನವಳು ದೇವರಿಗೆಂದು ಹೂ ತರುತ್ತಿದ್ದಳು. ಮರುದಿನ ಬೆಳಿಗ್ಗೆ ಅವಳು ಪಕ್ಕದ ಮನೆಗೆ ಹೂ ಕೊಟ್ಟಳು, ನಮ್ಮ ಬಾಗಿಲಲ್ಲಿ ನಿಲ್ಲದೆ ಆಚೆ ಮನೆಗೆ ಹೋದಳು. ಸೊಂಟದ ಮೇಲೆ ಆ ಮಗು ಇತ್ತು.