ಕಾಣದ ಎಳೆಯ ಅಳತೆಗಾರ್ತಿ

ನಂಜನಗೂಡಿನ ಹೊರವಲಯದಲ್ಲಿ ಇನ್ನೂ ಬೆಳಕು ಹರಿಯುತ್ತಿದೆ. ಕವಲಂದೆಯಿಂದ ಮೊದಲ ಬಸ್ಸಿಗೇ ಬಂದ ಕೋಮಲ ಪುಟ್ಟ ಖಾಸಗಿ ಪ್ರಯೋಗಾಲಯದ ಬೀಗ ತೆಗೆದು, ಬಳೆ ಬಿಚ್ಚಿಟ್ಟು, ಮೊಣಕೈವರೆಗೆ ಸೋಪು ತಿಕ್ಕುತ್ತಾರೆ. ಆಮೇಲೆ ಕೈಗವಸು. ಆಮೇಲೆ ಮೇಜಿಗೆ ಸ್ಪಿರಿಟ್.

"ಬಿಸ್ಲೇರಿದ್ರೆ ಬೆವರು ಕಣ್ರೀ. ಬರಿಗೈ ತಾಕಿದ್ರೆ ಸಾಕು, ಆರ್‌ಎನ್‌ಎ ಚೂರುಚೂರು ಆಗೋಯ್ತದೆ. ಅದ್ಕೇ ತಂಪೊತ್ತಲ್ಲಿ ಬತ್ತೀನಿ" ಎನ್ನುತ್ತಾರೆ.

ರೇಷ್ಮೆಹುಳುವಿನ ಜೀವಕೋಶಗಳಿಂದ ಆರ್‌ಎನ್‌ಎ ಎಂಬ ಕಣ್ಣಿಗೆ ಕಾಣದ ಎಳೆಗಳನ್ನು ಬೇರ್ಪಡಿಸಿ ಅವುಗಳ ಉದ್ದ ಅಳೆಯುವುದು ಇವರ ಕೆಲಸ. ಲೋಳೆಯಂಥ ತೆಳುಹಲಗೆಯೊಳಗೆ ವಿದ್ಯುತ್ ಹರಿಸಿದರೆ ಎಳೆಗಳು ಓಡತೊಡಗುತ್ತವೆ. ಗಿಡ್ಡವು ಮುಂದೆ, ಉದ್ದವು ಹಿಂದೆ. ವಿಶೇಷ ದೀಪದಡಿ ಹಿಡಿದರೆ ಗೆರೆಗಳಾಗಿ ಹೊಳೆಯುತ್ತವೆ. ಹುಳುವಿನ ರೋಗದ ಸಂಶೋಧನೆಗೆ ಇಲ್ಲಿ ಈ ಗೆರೆಗಳೇ ಆಧಾರ.

ತಂದೆ ಪುಟ್ಟಬಸವಯ್ಯ ಕೂಲಿ ಮಾಡಿ ಓದಿಸಿದರು. ಡಿಪ್ಲೊಮಾ ಮುಗಿಸಿದ ಕೋಮಲ 1999ರಲ್ಲಿ ಇಲ್ಲಿಗೆ ಸೇರಿದ್ದು ಗಾಜಿನ ಸಾಮಾನು ತೊಳೆಯಲು, ಅದೂ ಗುತ್ತಿಗೆ ಮೇಲೆ. ಸಂಶೋಧಕಿ ಶೃತಿ ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದೊಂದೇ ಹೇಳಿಕೊಟ್ಟರು. ಕ್ರಮೇಣ ಅಳತೆಯ ಮೇಜು ಕೋಮಲರ ಪಾಲಿಗೆ ಬಂತು.

ಅದು ಕೈತಪ್ಪುವ ಹೊತ್ತೂ ಬಂದಿತ್ತು. 2003ರ ಬೇಸಿಗೆಯಲ್ಲಿ ಪ್ರಯೋಗಾಲಯ ಹೊಸ ವಿಧಾನ ಹಿಡಿಯಿತು. ಆರ್‌ಎನ್‌ಎ ಎಳೆ ತನ್ನ ಮೇಲೆ ತಾನೇ ಮಡಚಿಕೊಂಡರೆ ಉದ್ದ ಸರಿಯಾಗಿ ಸಿಗುವುದಿಲ್ಲ. ಅದಕ್ಕಾಗಿ ಓಡಿಸುವ ಮುಂಚೆ ಬಿಸಿ ಮಾಡಿ ಮಡಿಕೆ ಬಿಡಿಸಬೇಕು. ಹಾಗೆ ಮಾಡಿದ ದಿನದಿಂದ ಯಾವಾಗಲೂ ಕಾಣುತ್ತಿದ್ದ ಎರಡು ದಪ್ಪ ಗೆರೆಗಳಲ್ಲಿ ಮೇಲಿನದು ಮಾಯ! ಉದ್ದನೆಯ ಎಳೆಯೇ ಇಲ್ಲ.

ಮುಖ್ಯಸ್ಥ ಚೆಲುವಯ್ಯ ಕೋಮಲರ ಕೈಯ ಶುಚಿಯನ್ನೇ ಅನುಮಾನಿಸಿದರು. ಮತ್ತೆ ಮಾಡಿದರೂ ಅದೇ ಕಥೆ. ವಾರ ಕಳೆಯುವಷ್ಟರಲ್ಲಿ ಕೋಮಲರನ್ನು ಮತ್ತೆ ತೊಳೆಯುವ ಕೆಲಸಕ್ಕೆ ಹಾಕುವ ಮಾತು ಬಂತು.

"ಬಸ್ಸಲ್ಲಿ ಅತ್ಕೊಂಡು ಮನೆಗೋದೆ. ಇನ್ನು ಓಗಲ್ಲ ಅಂದೆ. 'ತಪ್ಪು ಮಾಡಿದ್ರೆ ಒಪ್ಕೊ, ಮಾಡ್ದೇ ಇದ್ರೆ ಓಗಿ ತೋರ್ಸು. ಮನೇಲಿ ಕುಂತ್ರೆ ಯಾರ್ಗೆ ಗೊತ್ತಾಯ್ತದೆ' ಅಂದ್ಳು ನಮ್ಮವ್ವ."

ಮರುದಿನ ಕೋಮಲ ನೇರ ಮುಖ್ಯಸ್ಥರ ಕೋಣೆಗೆ ಹೋದರು. "ಒಂದೇ ಸ್ಯಾಂಪಲ್ಲು ಸಾ, ಎರಡು ಪಾಲು ಮಾಡ್ತೀನಿ. ಒಂದ್ನ ಕಾಯಿಸ್ತೀನಿ, ಇನ್ನೊಂದ್ನ ಅಂಗೇ ಬಿಡ್ತೀನಿ. ಎರಡ್ನೂ ಅಕ್ಕಪಕ್ಕ ಓಡ್ಸಣ. ನೀವೇ ನಿಂತ್ಕೊಂಡು ನೋಡಿ. ಎರಡೂ ಕೆಟ್ಟಿದ್ರೆ ನನ್ ಕೈದೇ ತಪ್ಪು."

ಚೆಲುವಯ್ಯ ಒಪ್ಪಿದರು. ಶೃತಿ ಜೊತೆಗೆ ನಿಂತರು. ಸಂಜೆ ದೀಪ ಹಾಕಿ ಮೂವರೂ ಬಗ್ಗಿ ನೋಡಿದರು. ಕಾಯಿಸದ ಪಾಲಿನಲ್ಲಿ ಎರಡು ಗೆರೆ. ಕಾಯಿಸಿದ ಪಾಲಿನಲ್ಲಿ ಒಂದೇ. ಅದೇ ಹುಳು, ಅದೇ ಕೈ.

ಶೃತಿ ಮೈಸೂರಿನ ಗ್ರಂಥಾಲಯದಲ್ಲಿ ಕೂತು ಹಳೆಯ ಸಂಶೋಧನೆಗಳನ್ನು ತಡಕಿದರು. ಉತ್ತರ ಅಲ್ಲೇ ಇತ್ತು: ರೇಷ್ಮೆಹುಳುವೂ ಸೇರಿದಂತೆ ಬಹುತೇಕ ಕೀಟಗಳಲ್ಲಿ ಆ ಉದ್ದನೆಯ ಎಳೆಗೆ ಹುಟ್ಟಿನಿಂದಲೇ ನಡುವೆ ಕಡಿತ ಬಿದ್ದಿರುತ್ತದೆ. ಎರಡು ಅರ್ಧಗಳೂ ಸಡಿಲ ಹಿಡಿತದಲ್ಲಿ ಅಂಟಿಕೊಂಡಿರುತ್ತವೆ. ಬಿಸಿ ತಾಕಿದರೆ ಬಿಡಿಸಿಕೊಂಡು, ಹೆಚ್ಚುಕಡಿಮೆ ತಮ್ಮಷ್ಟೇ ಉದ್ದದ ಗಿಡ್ಡ ಎಳೆಯ ಗೆರೆಯಲ್ಲಿ ಸೇರಿಹೋಗುತ್ತವೆ.

"ನಾವು ಓದಿದ್ದು ಬೇರೆ ಪ್ರಾಣಿಗಳ ವಿಷಯ. ಹುಳಕ್ಕೂ ಅದನ್ನೇ ಹೊಂದಿಸಿದ್ವಿ. ಆಕೆ ಪಟ್ಟು ಹಿಡೀದೇ ಇದ್ದಿದ್ರೆ ಪರೀಕ್ಷೆಯನ್ನೇ ಮಾಡ್ತಿರ್ಲಿಲ್ಲ" ಎನ್ನುತ್ತಾರೆ ಚೆಲುವಯ್ಯ. ಉತ್ತರ ಸಿಕ್ಕ ದಿನವೇ ಎಲ್ಲರೆದುರು ಕ್ಷಮೆ ಕೇಳಿದರಂತೆ. ಈಗ ಪ್ರತಿ ಅಳತೆಯ ಜೊತೆ ಎಷ್ಟು ಬಿಸಿ, ಎಳೆಗಳ ಹಿಡಿತವನ್ನು ಬದಲಿಸುವ ಉಪ್ಪು ದ್ರಾವಣದಲ್ಲಿ ಎಷ್ಟು ಎಂದು ಬರೆಯದೆ ಉದ್ದ ಬರೆಯುವಂತಿಲ್ಲ. ಕೋಮಲರ ಕೆಲಸ ಇನ್ನೂ ಗುತ್ತಿಗೆಯದೇ. ಕಾಯಂ ಮಾಡಿ ಎಂದು ಕೇಳುವುದನ್ನು ಅವರು ಬಿಟ್ಟಿಲ್ಲ.

ಬೇರೇನು ಆಸೆ ಎಂದರೆ ಕೈಗವಸು ಕಳಚುತ್ತಾ ನಗುತ್ತಾರೆ.

"ನಮ್ಮವ್ವ ಪುಟ್ಟಮಾದಮ್ಮ ಕಂಡೋರ ಮನೆ ರೇಷ್ಮೆ ಉಳಕ್ಕೆ ಸೊಪ್ಪಾಕೇ ಕೈ ಸವೆಸ್ಕೊಂಡವ್ಳೆ. ಒಂದಿನ ಇಲ್ಲಿಗೆ ಕರ್ಕೊಂಡ್ಬಂದು ದೀಪ ಆಕಿ ತೋರಿಸ್ಬೇಕು. ಆ ಉಳದೊಳ್ಗೆ ಏನೈತೆ ಅಂತ ಅವ್ಳೂ ನೋಡ್ಲಿ."