ಎರಡನೇ ಗೇರಿನಲ್ಲಿ ತವರಿಗೆ

ನಿಮ್ಮ ಅಜ್ಜನ ಕಾರನ್ನು ನೀವು ಯಾರೂ ನೋಡಿಲ್ಲ. ಬಿಳಿ ಬಣ್ಣದ್ದು, ಅವರ ಕೈಗೆ ಬರುವ ಹೊತ್ತಿಗೇ ಹಳೆಯದಾಗಿತ್ತು. ಅದರ ಗೇರಿನ ಹಿಡಿಕೆ ಈಗಿನ ಕಾರುಗಳ ಹಾಗೆ ಸೀಟುಗಳ ನಡುವೆ ಇರಲಿಲ್ಲ, ಸ್ಟೇರಿಂಗಿನ ಕೆಳಗೆ ಪಕ್ಕಕ್ಕೆ ಚಾಚಿಕೊಂಡಿತ್ತು. ಒಂದನೇ ಗೇರಿನಿಂದ ಎರಡಕ್ಕೆ ಅವಸರದಿಂದ ಎಳೆದರೆ ನಡುವೆಯೇ ಸಿಕ್ಕಿಕೊಳ್ಳುತ್ತಿತ್ತು. ಆಗ ಹಿಡಿಕೆ ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು.

ಅಜ್ಜ ಇಳಿದು ಬಾನೆಟ್ ಎತ್ತುತ್ತಿದ್ದರು. ಸ್ಟೇರಿಂಗ್ ಕೊಳವೆಯ ಬುಡದಲ್ಲಿ ಬೆರಳುದ್ದದ ಎರಡು ಕಬ್ಬಿಣದ ಪಟ್ಟಿಗಳಿದ್ದವು. ಅವನ್ನು ಮೀಟಿ ಸಮಕ್ಕೆ ತರಬೇಕು. ಅಲ್ಲಿಯವರೆಗೆ ಒಳಗೆ ಕೂತವರು ಹಿಡಿಕೆಯನ್ನು ಸಡಿಲವಾಗಿ ನಡುವೆ ಹಿಡಿದಿರಬೇಕು. ಆ ಕೆಲಸ ನನ್ನದು. "ಅಷ್ಟ್ ಬಿಗಿ ಯಾಕ್ ಹಿಡೀತಿ? ಅದೇನ್ ಇಂಡಿ ಸಂತಿಗೆ ಓಡಿ ಹೊಕ್ಕೈತೇನು?" ಎಂದು ನಗುತ್ತಿದ್ದರು. ಪಟ್ಟಿಗಳು ಅಲುಗದಂತೆ ತುದಿಗೆ ಸಿಕ್ಕಿಸಿದ್ದ ರಬ್ಬರ್ ಬಳೆ, ಅಂದರೆ ಬುಷ್, ಸವೆದರೆ ಹಳೆಯ ಟೈರಿನ ತುಂಡನ್ನು ಕತ್ತರಿಸಿ ತಾವೇ ಕೂಡಿಸುತ್ತಿದ್ದರು. ದೀಪಾವಳಿಗೆ ಗೇರ್ ಆಯಿಲ್ ಬದಲಿಸುವುದು ಪೂಜೆಯಷ್ಟೇ ಖಾಯಂ.

ಅವರು ತೀರಿಕೊಂಡ ಮೇಲೆ ಕಾರು ಅವರ ಅಣ್ಣನ ಕೈಗೆ ಬಂತು. ನಮ್ಮ ಮನೆಯಲ್ಲಿ ಸೊಸೆಯಾದವಳು ಭಾವನ ಎದುರು ಮಾತಾಡುವ ಪದ್ಧತಿ ಇರಲಿಲ್ಲ. ಏನು ಹೇಳುವುದಿದ್ದರೂ ಅವರ ಹೆಂಡತಿಗೆ ಹೇಳಬೇಕು, ಆಕೆ ಅವರಿಗೆ ದಾಟಿಸಬೇಕು. ಆಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಮದುವೆಯಾಗಿ ಬಂದಂದಿನಿಂದ ಭಾವನವರು ನನ್ನ ದನಿಯನ್ನು ಸರಿಯಾಗಿ ಕೇಳಿಯೇ ಇರಲಿಲ್ಲ. ವಿಧವೆಯಾದ ಮೇಲಂತೂ ಪಡಸಾಲೆಗೆ ಬರುವುದನ್ನೂ ಬಿಟ್ಟಿದ್ದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಕಿರಾಣಿ ಅಂಗಡಿಯ ಫೋನಿಗೆ ನನ್ನ ತಮ್ಮನಿಂದ ಸುದ್ದಿ ಬಂತು. ಅವ್ವ ಹೋದಳು, ಹೊತ್ತು ಮುಳುಗುವುದರೊಳಗೆ ಮಣ್ಣು, ಲಗೂ ಬಾ. ಗಂಡ ಸತ್ತ ಮೇಲೆ ನಾನು ತವರಿಗೆ ಹೋಗಿರಲಿಲ್ಲ. ಹಾಸಿಗೆ ಹಿಡಿದಿದ್ದ ಅವ್ವ ನಮ್ಮಲ್ಲಿಗೆ ಬಂದಿರಲಿಲ್ಲ. ಅವಳ ಮುಖ ನೋಡಲು ಉಳಿದದ್ದು ಅದೊಂದೇ ಹಗಲು.

ತವರು ಮುದ್ದೇಬಿಹಾಳದ ಆಚೆ. ಭಾವನವರು ಕಾರು ತೆಗೆದರು, ನಾನು, ಅಕ್ಕ ಹಿಂದೆ ಕೂತೆವು. ಸಿಂದಗಿ ದಾಟಿ ತೊಗರಿ ಹೊಲಗಳ ನಡುವೆ ಹೋಗುವಾಗ ಗೇರು ಸಿಕ್ಕಿಕೊಂಡಿತು. ಭಾವನವರು ಹಿಡಿಕೆಯನ್ನು ಜಗ್ಗಿದರು, ಗುದ್ದಿದರು, ಬೈದರು. ಕೊನೆಗೆ "ಗೇರ್ ಬಾಕ್ಸ್ ಒಡದೈತಿ. ಟ್ರ್ಯಾಕ್ಟರಿಗೆ ಕಟ್ಟಿ ವಾಪಸ್ ಸಿಂದಗಿಗೆ ಒಯ್ಯೂದ" ಎಂದರು. ಆ ದಾರಿಯ ಬಸ್ಸು ಆಗಲೇ ನಮ್ಮನ್ನು ದಾಟಿ ಹೋಗಿತ್ತು. ಮುಂದಿನದು ಸಂಜೆಗೆ.

ನಾನು ಅಕ್ಕನ ಕಿವಿಯಲ್ಲಿ ಹೇಳಿದೆ, "ಬಾನೆಟ್ ತಗೀಲಿ ಅನ್ರಿ ಅಕ್ಕಾ."

"ಏನ್ರಿ, ಮುಂದಿಂದು ಮುಚ್ಚಳಾ ತಗೀಬೇಕಂತ್ರಿ."

"ಯಾರಂದ್ರು?"

"ಅಕಿ ಅಂತಾಳ."

"ಅಕಿಗೇನ್ ಗೊತ್ತ? ಮುಚ್ಚಳಾ ತಗದು ನೋಡಾಕ ಇದೇನ್ ರೊಟ್ಟಿ ಬುಟ್ಟಿಯೇನು?"

"ನಿಮಗ ಗೊತ್ತಿದ್ರ ನೀವ ಮಾಡ್ರಿ. ಆಗಳಿಂದ ಸ್ಟೇರಿಂಗ್ ಕಿತ್ತು ಕೈಯಾಗ ಬರೂಹಂಗ ಜಗ್ಗಾಕತ್ತೀರಿ."

ಭಾವನವರು ಬಾನೆಟ್ ಎತ್ತಿದರು. ನಾನು ಮೂಗಿನವರೆಗೆ ಸೆರಗೆಳೆದುಕೊಂಡು ಮುಂದಿನ ಸೀಟಿಗೆ ಬಂದು ಹಿಡಿಕೆ ಹಿಡಿದೆ. ಅಕ್ಕ ಕಿಟಕಿಯ ಹತ್ತಿರ ನಿಂತಳು.

"ಏನೋ ಎರಡು ಅದಾವಂತ್ರಿ, ಸಮಾ ಮಾಡಬೇಕಂತ."

"ಏನ್ ಎರಡು?"

"ನನಗೇನ್ ಗೊತ್ರಿ? ಹಣಿಕಿ ಹಾಕಿ ನೋಡ್ರಿ."

ಹೀಗೆ ಸುತ್ತಿಬಳಸಿ ಗೇರು ಬಿಟ್ಟಿತು. ಸ್ವಲ್ಪ ದೂರ ಹೋಗುವುದರೊಳಗೆ ಮತ್ತೆ ಸಿಕ್ಕಿತು. ಮತ್ತೆ ಬಿಡಿಸಿದೆವು, ಮತ್ತೆ ಸಿಕ್ಕಿತು. ಬುಷ್ ಉದುರಿಹೋಗಿ ಪಟ್ಟಿ ಲೊಡಲೊಡ ಅಲುಗುತ್ತಿದೆ ಎಂದು ಹಿಡಿಕೆ ಹಿಡಿದ ಕೈಗೇ ತಿಳಿಯಿತು. ಎಷ್ಟು ಸಲ ಬಿಡಿಸಿದರೂ ಇದೇ ಕಥೆ. ಅಕ್ಕ ಕಾರಿಗೆ ನೀರು ತರಲು ಕೊಡ ಹಿಡಿದು ದೂರದ ಬೋರ್‌ವೆಲ್ಲಿಗೆ ಹೋಗಿದ್ದಳು. ಬಾನೆಟ್ಟಿನ ಆಚೆ ಭಾವನವರು, ಈಚೆ ನಾನು. ಅವರು ರಸ್ತೆಗೆ ಹೇಳುವಂತೆ "ಈಗೇನ್ ಮಾಡೂದು?" ಎಂದರು.

ಬಿಸಿಲು ಆಗಲೇ ಓರೆಯಾಗಿತ್ತು. ಅಕ್ಕ ಇನ್ನೂ ಬೋರ್‌ವೆಲ್ಲಿನ ಹತ್ತಿರವೇ ಯಾರೊಡನೆಯೋ ಮಾತಾಡುತ್ತ ನಿಂತಿದ್ದಳು. ಬಾಯಿ ತೆರೆದರೆ ಮನೆಯ ಮರ್ಯಾದೆ ಹೋಗುತ್ತದೆ, ತೆರೆಯದಿದ್ದರೆ ಅವ್ವ ಮಣ್ಣಿಗೆ ಹೋಗುತ್ತಾಳೆ. ಒಳಗೆ ಕಾದ ತಗಡಿನ ಬಿಸಿ, ಮೈಯೆಲ್ಲ ಬೆವರು. ನಾನು ಸ್ಟೇರಿಂಗ್ ನೋಡುತ್ತ ಹೇಳಿದೆ, "ಎರಡರಾಗ ಹಾಕಿ ಬಿಡಬೇಕ್ರಿ. ಮತ್ತ ಗೇರ್ ಮುಟ್ಟಬಾರ್ದ್ರಿ."

ಬಾನೆಟ್ಟಿನ ಹಿಂದಿನಿಂದ, ಎಂಜಿನ್ನಿಗೆ ಕೇಳಿದ ಹಾಗೆ ಅವರ ದನಿ ಬಂತು. "ಎರಡರಾಗ ಊರು ಮುಟ್ಟತೈತೇನು?"

"ಮುಟ್ಟತೈತ್ರಿ. ನಿಂದ್ರಸಬಾರ್ದು ಅಷ್ಟ."

ಅವರು ಕೈಯಿಂದಲೇ ಪಟ್ಟಿಯನ್ನು ಎರಡನೇ ಗೇರಿಗೆ ನೂಕಿದರು. ಅಕ್ಕ ನೀರಿನ ಕೊಡ ಹಿಡಿದು ಬಂದ ಮೇಲೆ ಹೊರಟೆವು. ಅಲ್ಲಿಂದ ಮುಂದಿನ ದಾರಿಯನ್ನು ನಾನು ಇವತ್ತಿಗೂ ಮರೆತಿಲ್ಲ. ಎಂಜಿನ್ ಒದರುತ್ತಿತ್ತು, ಕಾರು ಮಾತ್ರ ತೆವಳುತ್ತಿತ್ತು. ಕಬ್ಬು ಹೇರಿದ ಟ್ರ್ಯಾಕ್ಟರೂ ನಮ್ಮನ್ನು ದಾಟಿ ಹೋಯಿತು. ಇಳಿದು ಓಡಿದರೆ ಬೇಗ ಮುಟ್ಟುತ್ತೇನೆ ಎನಿಸುತ್ತಿತ್ತು, ಇಳಿಯುವ ಹಾಗಿಲ್ಲ. ಕುರಿ ಹಿಂಡು ಅಡ್ಡ ಬಂದಾಗ ಭಾವನವರು ಅರ್ಧ ಕ್ಲಚ್ಚಿನಲ್ಲೇ ಹಾರ್ನ್ ಒತ್ತುತ್ತ ನುಗ್ಗಿದರು, ಸುಟ್ಟ ವಾಸನೆ ಮೂಗಿಗೆ ಬಡಿಯಿತು. "ಕುರಿ ಸೈತ ನಮ್ಮನ್ನ ಹಿಂದ ಹಾಕಿದ್ವಲ್ಲ" ಎಂದಳು ಅಕ್ಕ.

ಹೊತ್ತು ಕೆಂಪಾಗುವಾಗ ತವರಿನ ಓಣಿಗೆ ತಿರುಗಿದೆವು. ಎದುರಿನಿಂದ ಭಜನೆಯವರು ಬರುತ್ತಿದ್ದರು. ಅವರ ಹಿಂದೆ ಅವ್ವ. ನಮ್ಮಲ್ಲಿ ಸತ್ತವರನ್ನು ಕುಳ್ಳಿರಿಸಿ ಒಯ್ಯುತ್ತಾರೆ. ಓಣಿಯಲ್ಲಿ ಒಂದೇ ಗಾಡಿಗೆ ಜಾಗ.

"ಗಾಡಿ ಹಿಂದ ತಗೀರಿ!" ಎಂದು ಯಾರೋ ಕೂಗಿದರು.

"ಹಿಂದ ಹೋಗೂದಿಲ್ರೀ ಇದು!" ಎಂದರು ಭಾವನವರು, ಬ್ರೇಕ್ ತುಳಿದು.

ಹೊತ್ತವರು ನಿಲ್ಲಲೇಬೇಕಾಯಿತು. ಧೂಳು ಹಿಡಿದ ಗಾಜಿನ ಆಚೆ ಅವ್ವ ನನ್ನ ಎದುರಿಗೇ ಕೂತಿದ್ದಳು, ಹಣೆ ತುಂಬ ವಿಭೂತಿ. ನಾನು ಇಳಿದು ಹೋದೆ. ತಮ್ಮ ಹೆಗಲು ತಗ್ಗಿಸಿ ಅವಳನ್ನು ನನ್ನ ಕೈಗೆ ನಿಲುಕುವಷ್ಟು ಕೆಳಗೆ ತಂದ. ಕೆನ್ನೆ ಮುಟ್ಟಿದೆ, ತಣ್ಣಗಿತ್ತು. ಆಮೇಲೆ ಭಾವನವರು ಕ್ಲಚ್ ಒತ್ತಿ ಹಿಡಿದರು, ಓಣಿಯ ಗಂಡಸರು ಕಾರನ್ನು ಹಿಂದಕ್ಕೆ ನೂಕಿ ದಾರಿ ಬಿಡಿಸಿದರು.

ಊರಿಗೆ ಮರಳಿದ ಮೇಲೆ ಭಾವನವರು ಅಂಗಳದಲ್ಲಿ ಬಾನೆಟ್ ಎತ್ತಿ ನಿಂತು, "ಟೈರಿನ ತುಂಡು ಎಷ್ಟ್ ದಪ್ಪ ಇರಬೇಕು, ಅಕಿಗೆ ಕೇಳು" ಎಂದು ಅಕ್ಕನಿಗೆ ಹೇಳಿದರು. ಅವರ ದನಿ ಅಡುಗೆಮನೆಗೆ ಚೆನ್ನಾಗಿ ಕೇಳಿಸುತ್ತಿತ್ತು. ಅಕ್ಕ ಒಳಗೆ ಬಂದು ಕೇಳುವವರೆಗೆ ಕಾದು, ಆಕೆಗೇ ಉತ್ತರ ಹೇಳಿದೆ.